ಕೊನೆಗೆ ಉಳಿಯೋದು ಹಲ್ಲು: ಗುರುತು ಹಿಡಿಯುವ ವಿದ್ಯೆಯ ಕಥೆ

ಇವತ್ತಿನ ಸಂಚಿಕೆಗೆ ಮುಂಚೆ ಒಂದು ಮಾತು. ಇದರಲ್ಲಿ ಸಾವಿನ ವಿಷಯ ಬರುತ್ತೆ, ಬೆಂಕಿ ಬರುತ್ತೆ, ಅಪಘಾತ ಬರುತ್ತೆ. ಊಟ ಮಾಡ್ತಾ ಕೇಳ್ತಿದ್ರೆ ಊಟ ಮುಗಿಸಿ ಬನ್ನಿ. ಬಸ್ಸಲ್ಲಿ ಕೂತು ಇಯರ್‌ಫೋನ್ ಹಾಕ್ಕೊಂಡಿದ್ರೆ ಪರವಾಗಿಲ್ಲ, ಶುರು ಮಾಡೋಣ.

ನಾನು ಹಲ್ಲಿನ ಡಾಕ್ಟರ್. ಬಿಡಿಎಸ್ ಮುಗಿಸಿ, ಎರಡು ವರ್ಷ ಕ್ಲಿನಿಕ್‌ನಲ್ಲಿ ಕೆಲಸ ಮಾಡಿ, ಈಗ ಮೈಸೂರಲ್ಲೇ ಮತ್ತೆ ಓದ್ತಾ ಇದ್ದೀನಿ. ಓದ್ತಿರೋ ವಿಷಯ ಫೊರೆನ್ಸಿಕ್ ಓಡಾಂಟಾಲಜಿ. ಕನ್ನಡದಲ್ಲಿ ನ್ಯಾಯ ದಂತವಿಜ್ಞಾನ ಅನ್ನಬಹುದು. ಇದನ್ನ ಮನೇಲಿ ಹೇಳಿದ ದಿನ ಅಮ್ಮ ಕೇಳಿದ್ದು ಒಂದೇ ಪ್ರಶ್ನೆ: "ಬದುಕಿರೋರ ಹಲ್ಲು ನೋಡಿದ್ರೆ ಫೀಸಾದ್ರೂ ಕೊಡ್ತಾರೆ. ಸತ್ತೋರ ಹಲ್ಲು ನೋಡಿ ಏನು ಮಾಡ್ತೀಯ?" ಆ ಪ್ರಶ್ನೆಗೆ ಅವತ್ತು ನನ್ನ ಹತ್ರ ಸರಿಯಾದ ಉತ್ತರ ಇರಲಿಲ್ಲ. ಈ ಸಂಚಿಕೆ ಒಂಥರಾ ಅಮ್ಮನಿಗೆ ಕೊಡ್ತಿರೋ ಉತ್ತರ. ಸ್ವಲ್ಪ ಉದ್ದ ಇದೆ.

ಮೇ 4, ಎರಡು ಸಲ

ಮೈಸೂರಿಂದ ಬೆಂಗಳೂರು ರಸ್ತೆ ಹಿಡಿದರೆ ಅರ್ಧ ಗಂಟೆಯೊಳಗೆ ಶ್ರೀರಂಗಪಟ್ಟಣ. ಅಲ್ಲಿ ಟಿಪ್ಪು ಸುಲ್ತಾನನ ದೇಹ ಸಿಕ್ಕ ಜಾಗ ಅಂತ ಒಂದು ಕಲ್ಲು ಇದೆ. ಸ್ಕೂಲ್ ಟ್ರಿಪ್‌ನಲ್ಲಿ ನೀವೂ ನೋಡಿರ್ತೀರ. ಅದರ ಮುಂದೆ ನಿಂತು ಫೋಟೋ ತೆಗೆಸಿಕೊಂಡಿರ್ತೀರ. ಆದರೆ ಆ ದೇಹ ಟಿಪ್ಪುವಿನದೇ ಅಂತ ಅವತ್ತು ಹೇಗೆ ಗೊತ್ತಾಯ್ತು ಅಂತ ಕೇಳಿಕೊಂಡಿದ್ದೀರಾ?

1799ರ ಮೇ 4. ಮಧ್ಯಾಹ್ನ ಕೋಟೆ ಬಿತ್ತು. ಸುಲ್ತಾನ ಅರಮನೆಯಲ್ಲಿ ಇಲ್ಲ. ಕೋಟೆ ಬಾಗಿಲಲ್ಲಿ ಬಿದ್ದಿರಬೇಕು ಅನ್ನೋ ಸುದ್ದಿ ಸಿಕ್ಕಿ, ಕತ್ತಲಾದ ಮೇಲೆ ಬ್ರಿಟಿಷ್ ಅಧಿಕಾರಿಗಳು ಪಂಜು ಹಿಡಿದು ಅಲ್ಲಿಗೆ ಹೋದರು. ಬಾಗಿಲ ತುಂಬ ಹೆಣದ ರಾಶಿ. ಅಲ್ಲೇ ಗಾಯಗೊಂಡು ಬಿದ್ದಿದ್ದ ರಾಜಾ ಖಾನ್ ಅನ್ನೋ ಸೇವಕ ಯಜಮಾನ ಬಿದ್ದ ಜಾಗ ತೋರಿಸಿದ. ಆ ರಾತ್ರಿ ಅಲ್ಲಿದ್ದ ಮೇಜರ್ ಅಲನ್ ಬರೆದಿಟ್ಟ ಪ್ರಕಾರ ದೇಹ ಇನ್ನೂ ಬೆಚ್ಚಗಿತ್ತು, ಕಣ್ಣು ತೆರೆದೇ ಇತ್ತು. ತೋಳಲ್ಲಿ ತಾಯತ ಇತ್ತು. ಕಿಲ್ಲೇದಾರ ಮುಖ ನೋಡಿ ಹೌದು ಅಂದ. ಮಾರನೇ ದಿನ ಗುಂಬಜ್‌ನಲ್ಲಿ ತಂದೆ ಹೈದರಾಲಿಯ ಪಕ್ಕ ಮಣ್ಣು ಮಾಡಿದರು.

ಇಲ್ಲಿ ಗುರುತು ಹಿಡಿಯೋದು ಆಗಿದ್ದು ಮೂರು ಕಾರಣಕ್ಕೆ. ಮುಖ ಉಳಿದಿತ್ತು, ಮೈಮೇಲಿನ ವಸ್ತು ಉಳಿದಿತ್ತು, ಗುರುತಿಸೋಕೆ ಪರಿಚಯದವರು ಹತ್ತಿರದಲ್ಲೇ ಇದ್ದರು. ಸಾವಿರಾರು ವರ್ಷ ಮನುಷ್ಯರು ಹೆಣದ ಗುರುತು ಹಿಡಿದಿದ್ದು ಹೀಗೇ. ಮುಖವೇ ಇಲ್ಲದಿದ್ದರೆ ಏನು ಮಾಡೋದು?

ಸರಿಯಾಗಿ 98 ವರ್ಷ ಆದಮೇಲೆ ಅದೇ ತಾರೀಖು ಬಂತು. 1897ರ ಮೇ 4, ಪ್ಯಾರಿಸ್. ಬಜಾರ್ ದ ಲಾ ಶಾರಿತೇ ಅಂತ ದೊಡ್ಡ ಮನೆತನದ ಹೆಂಗಸರು ಸೇರಿ ನಡೆಸ್ತಿದ್ದ ದಾನಧರ್ಮದ ಮಾರಾಟ ಮೇಳ. ಮರ, ಬಟ್ಟೆ, ಬಣ್ಣದ ಕಾಗದದ ಮಂಟಪ. ಆ ವರ್ಷದ ಹೊಸ ಆಕರ್ಷಣೆ ಸಿನಿಮಾ. ಅವತ್ತಿನ ಪ್ರೊಜೆಕ್ಟರ್‌ಗೆ ಕರೆಂಟ್ ದೀಪ ಇರಲಿಲ್ಲ, ಈಥರ್ ಮತ್ತು ಆಮ್ಲಜನಕ ಬೆರೆಸಿ ಉರಿಸೋ ದೀಪ. ಅದರಿಂದ ಬೆಂಕಿ ಹತ್ತಿತು. ಕೆಲವೇ ನಿಮಿಷದಲ್ಲಿ ಎಲ್ಲ ಮುಗಿಯಿತು. ಸತ್ತವರು ಸುಮಾರು 126 ಜನ, ಹೆಚ್ಚಿನವರು ಹೆಂಗಸರು.

ಮನೆಯವರು ಬಂದು ಉಂಗುರ, ಸರ, ಬಟ್ಟೆ ಚೂರು ನೋಡಿ ಬಹಳಷ್ಟು ದೇಹ ಗುರುತಿಸಿದರು. ಕೊನೆಗೆ ಸುಮಾರು 30 ದೇಹ ಉಳಿದುಬಿಟ್ಟವು. ಆಗ ಪರಾಗ್ವೆ ದೇಶದ ಕಾನ್ಸಲ್ ಒಬ್ಬರು ಒಂದು ಮಾತು ಹೇಳಿದರು. ಇವರೆಲ್ಲ ಶ್ರೀಮಂತರು, ಇವರಿಗೆ ಹಲ್ಲಿನ ಡಾಕ್ಟರ್ ಇದ್ದೇ ಇರ್ತಾರೆ, ಅವರನ್ನ ಕರೆಸಿ. ಡಾಕ್ಟರುಗಳು ತಮ್ಮ ಪುಸ್ತಕ ಹಿಡಿದು ಬಂದರು. ಯಾವ ಹಲ್ಲಿಗೆ ಚಿನ್ನ ತುಂಬಿದೆ, ಯಾವ ಹಲ್ಲು ಕಿತ್ತಿದೆ ಅಂತ ಒಂದೊಂದೇ ಹೋಲಿಸಿ ನೋಡಿದರು. ಆಸ್ಟ್ರಿಯಾದ ಮಹಾರಾಣಿಯ ತಂಗಿ, ಡಚೆಸ್ ದಾಲಾನ್ಸೋ, ಗುರುತು ಸಿಕ್ಕಿದ್ದು ಹೀಗೆ.

ಆಗ ಪ್ಯಾರಿಸ್‌ನಲ್ಲಿ ಆಸ್ಕರ್ ಅಮೋಯೆದೊ ಅನ್ನೋ ಕ್ಯೂಬಾ ದೇಶದ ದಂತವೈದ್ಯರು ಇದ್ದರು. ಅವರು ಈ ಕೆಲಸವನ್ನೆಲ್ಲ ದಾಖಲಿಸಿ, 1898ರಲ್ಲಿ ಫ್ರೆಂಚ್‌ನಲ್ಲಿ ಒಂದು ದಪ್ಪ ಪುಸ್ತಕ ತಂದರು. ನಾವು ಓದೋ ವಿಷಯಕ್ಕೆ ಅದೇ ಮೊದಲ ಪಠ್ಯ. ಅಮೋಯೆದೊ ಅವರನ್ನ ಈ ವಿದ್ಯೆಯ ಪಿತಾಮಹ ಅಂತಾರೆ.

ಡಾಕ್ಟರ್ ಕೀಪ್ ಎತ್ತಿಟ್ಟ ಅಚ್ಚು

ಪುಸ್ತಕ ಬರೋದಕ್ಕೆ ಅರ್ಧ ಶತಮಾನ ಮೊದಲೇ ಹಲ್ಲು ಕೋರ್ಟ್ ಮೆಟ್ಟಿಲು ಹತ್ತಿತ್ತು. 1849ರ ನವೆಂಬರ್, ಅಮೆರಿಕದ ಬಾಸ್ಟನ್. ಜಾರ್ಜ್ ಪಾರ್ಕ್‌ಮನ್ ಅನ್ನೋ ಸಾಹುಕಾರ ಕೊಟ್ಟ ಸಾಲ ಕೇಳೋಕೆ ಅಂತ ಹಾರ್ವರ್ಡ್‌ನ ಪ್ರೊಫೆಸರ್ ಜಾನ್ ವೆಬ್‌ಸ್ಟರ್ ಹತ್ರ ಹೋದವನು ವಾಪಸ್ ಬರಲಿಲ್ಲ. ಕೊನೆಗೆ ವೆಬ್‌ಸ್ಟರ್‌ನ ಪ್ರಯೋಗಾಲಯದ ಒಲೆಯ ಬೂದಿಯಲ್ಲಿ ಒಂದಿಷ್ಟು ಕಟ್ಟಿಸಿದ ಹಲ್ಲಿನ ಚೂರು ಸಿಕ್ಕಿತು.

ಆ ಹಲ್ಲು ಸೆಟ್ ಮಾಡಿದ್ದು ಡಾ. ನೇಥನ್ ಕೀಪ್. ಮೂರು ವರ್ಷ ಹಿಂದೆ ಮಾಡಿದ್ದು. ಪಾರ್ಕ್‌ಮನ್ ದವಡೆಯ ಆಕಾರ ವಿಚಿತ್ರವಾಗಿತ್ತು, ಕೆಲಸ ಅವಸರದಲ್ಲಿ ಆಗಬೇಕಿತ್ತು, ಅದಕ್ಕೇ ನೆನಪಿತ್ತು. ನೆನಪು ಸಾಕಾಗಲ್ಲವಲ್ಲ? ಕೀಪ್ ಹತ್ರ ಅವತ್ತಿನ ಪ್ಲಾಸ್ಟರ್ ಅಚ್ಚು ಹಾಗೇ ಇತ್ತು. ಕೋರ್ಟಿನಲ್ಲಿ ಜ್ಯೂರಿ ಎದುರು ಸುಟ್ಟ ಚೂರನ್ನ ಆ ಅಚ್ಚಿನ ಮೇಲೆ ಇಟ್ಟು ತೋರಿಸಿದರು, ಕೂತಿತು. 1850ರ ಆಗಸ್ಟ್‌ನಲ್ಲಿ ವೆಬ್‌ಸ್ಟರ್‌ಗೆ ಗಲ್ಲಾಯಿತು.

ಈ ಕಥೆ ಕ್ಲಾಸಲ್ಲಿ ಹೇಳಿದಾಗ ಎಲ್ಲರೂ ಕೊಲೆ ವಿಷಯ ಮಾತಾಡ್ತಾರೆ. ನನ್ನ ತಲೆಯಲ್ಲಿ ಉಳಿದಿದ್ದು ಆ ಅಚ್ಚು. ಮೂರು ವರ್ಷ ಹಳೇ ಪ್ಲಾಸ್ಟರ್ ತುಂಡನ್ನ ಒಬ್ಬ ಡಾಕ್ಟರ್ ಎಸೆಯದೆ ಎತ್ತಿಟ್ಟಿದ್ದರು. ಅದು ಯಾಕೆ ನನಗೆ ಅಷ್ಟು ನಾಟಿತು ಅಂತ ಮುಂದೆ ಹೇಳ್ತೀನಿ.

ಚುಂಚನಕಟ್ಟೆ ಜಾತ್ರೆಯ ವಿಜ್ಞಾನ

ಈ ವಿದ್ಯೆಗೆ ಇನ್ನೊಂದು ಮುಖ ಇದೆ, ಅದು ವಯಸ್ಸು ಹೇಳೋದು. ಇದನ್ನ ನಾನು ಮೊದಲು ನೋಡಿದ್ದು ಕಾಲೇಜಲ್ಲಿ ಅಲ್ಲ. ಕೆ.ಆರ್.ನಗರದ ಕಡೆ ಚುಂಚನಕಟ್ಟೆಯಲ್ಲಿ ಜಾನುವಾರು ಜಾತ್ರೆ ನಡೆಯುತ್ತಲ್ಲ, ಚಿಕ್ಕವಳಿದ್ದಾಗ ತಾತ ಕರ್ಕೊಂಡು ಹೋಗಿದ್ರು. ಎತ್ತು ಕೊಳ್ಳೋರು ಮೊದಲು ಅದರ ಬಾಯಿ ಬಿಡಿಸಿ ನೋಡ್ತಾರೆ. "ಇನ್ನೂ ಹಾಲುಹಲ್ಲು", "ಎರಡು ಹಲ್ಲು ಆಗೈತೆ", "ನಾಲ್ಕು ಹಲ್ಲು", "ಬಾಯಿಗೂಡೈತೆ" ಅಂತಾರೆ. ಅಷ್ಟೇ, ವಯಸ್ಸು ಗೊತ್ತಾಯಿತು, ಬೆಲೆಯೂ ಗೊತ್ತಾಯಿತು. ಮಾರೋರು ಬಾಯಲ್ಲಿ ಸುಳ್ಳು ಹೇಳಬಹುದು, ಎತ್ತಿನ ಬಾಯಿ ಹೇಳಲ್ಲ ಅಂತ ತಾತ ನಗ್ತಿದ್ರು.

ಇದೇ ಲೆಕ್ಕ ಮನುಷ್ಯರಿಗೂ ಬಂತು, ಅದೂ ಮಕ್ಕಳ ಕಾರಣಕ್ಕೆ. ಇಂಗ್ಲೆಂಡಿನಲ್ಲಿ 1833ರಲ್ಲಿ ಕಾರ್ಖಾನೆ ಕಾಯ್ದೆ ಬಂದು, ಬಟ್ಟೆ ಗಿರಣಿಗಳಲ್ಲಿ 9 ವರ್ಷದೊಳಗಿನ ಮಕ್ಕಳನ್ನ ದುಡಿಸಬಾರದು ಅಂತಾಯಿತು. ಆದರೆ ಜನನ ಪ್ರಮಾಣಪತ್ರ ಎಲ್ಲಿತ್ತು? ಎತ್ತರ ನೋಡಿ ಅಂದಾಜು ಮಾಡ್ತಿದ್ರು. ಎಡ್ವಿನ್ ಸಾಂಡರ್ಸ್ ಅನ್ನೋ ದಂತವೈದ್ಯ ಸಾವಿರಕ್ಕೂ ಹೆಚ್ಚು ಮಕ್ಕಳ ಬಾಯಿ ನೋಡಿ, 1837ರಲ್ಲಿ ಎತ್ತರಕ್ಕಿಂತ ಹಲ್ಲು ನಂಬಿಕಸ್ಥ ಅಂತ ಬರೆದರು.

ಅದಕ್ಕೆ ಕಾರಣ ಇದೆ. ಹಲ್ಲು ಹುಟ್ಟೋದು, ಬೇರು ಬೆಳೆಯೋದು ಒಂದು ಕ್ರಮದಲ್ಲಿ ನಡೆಯುತ್ತೆ. ಊಟ ಕಮ್ಮಿಯಾದರೆ ಮೈ ಬೇಗ ಸೊರಗುತ್ತೆ, ಹಲ್ಲಿನ ಬೆಳವಣಿಗೆ ಅಷ್ಟು ಏರುಪೇರಾಗಲ್ಲ. 1973ರಲ್ಲಿ ಕೆನಡಾದ ಡೆಮಿರ್ಜಿಯನ್ ಮತ್ತು ಜೊತೆಗಾರರು ಎಕ್ಸ್‌ರೇ ನೋಡಿ, ಒಂದೊಂದು ಹಲ್ಲಿನ ಬೆಳವಣಿಗೆಗೆ ಎಂಟು ಹಂತ ಗುರುತಿಸಿ, ಅಂಕ ಕೊಟ್ಟು ಮಗುವಿನ ವಯಸ್ಸು ಲೆಕ್ಕ ಹಾಕೋ ಪದ್ಧತಿ ತಂದರು. ಅದಕ್ಕೂ ಮುಂಚೆ 1950ರಲ್ಲಿ ಸ್ವೀಡನ್ನಿನ ಗುಸ್ತಾಫ್‌ಸನ್ ದೊಡ್ಡವರ ಹಲ್ಲಿನಲ್ಲಿ ವಯಸ್ಸಿನ ಜೊತೆ ಆಗೋ ಆರು ಬದಲಾವಣೆಗಳನ್ನ ಪಟ್ಟಿ ಮಾಡಿದ್ದರು. ಹಲ್ಲು ಸವೆಯೋದು, ವಸಡು ಕೆಳಗಿಳಿಯೋದು, ಬೇರಿನ ತುದಿ ಗಾಜಿನ ಥರ ಪಾರದರ್ಶಕ ಆಗೋದು, ಹೀಗೆ.

ಒಂದು ಎಚ್ಚರಿಕೆ. ಕೆನಡಾ ಮಕ್ಕಳ ಕೋಷ್ಟಕ ತಂದು ನಮ್ಮ ಮಂಡ್ಯದ ಹುಡುಗನಿಗೆ ಹಾಗೇ ಹಾಕಿದರೆ ಲೆಕ್ಕ ತಪ್ಪಬಹುದು. ಅದಕ್ಕೇ ಭಾರತೀಯರಿಗೆ ಬೇರೆ ಸೂತ್ರ ಬೇಕು ಅಂತ ಕೆಲಸ ನಡೆದಿದೆ. ಅದರಲ್ಲಿ ಧಾರವಾಡದ ಎಸ್‌ಡಿಎಂ ದಂತ ಮಹಾವಿದ್ಯಾಲಯದ ಡಾ. ಅಶಿತ್ ಆಚಾರ್ಯ ಅವರ ಹೆಸರು ಮುಖ್ಯ. ಈ ಹೆಸರು ಇನ್ನೊಂದು ಸಲ ಬರುತ್ತೆ, ನೆನಪಿಟ್ಕೊಳ್ಳಿ.

ಇದೆಲ್ಲ ಯಾರಿಗೆ ಬೇಕು ಅಂತೀರಾ? 2015ರ ಬಾಲನ್ಯಾಯ ಕಾಯ್ದೆಯ 94ನೇ ಕಲಂ ಪ್ರಕಾರ, ಒಬ್ಬರು ಅಪ್ರಾಪ್ತರೋ ಅಲ್ಲವೋ ಅಂತ ತೀರ್ಮಾನಿಸೋಕೆ ಮೊದಲು ಶಾಲೆಯ ದಾಖಲೆ, ಆಮೇಲೆ ಪಂಚಾಯಿತಿ ಅಥವಾ ನಗರಸಭೆಯ ಜನನ ಪ್ರಮಾಣಪತ್ರ ನೋಡಬೇಕು. ಎರಡೂ ಇಲ್ಲದಿದ್ದರೆ ಮಾತ್ರ ವೈದ್ಯಕೀಯ ಪರೀಕ್ಷೆ. ಹಾಗೆ ದಾಖಲೆ ಇಲ್ಲದ ಮಗು ಯಾರದು? ಇಟ್ಟಿಗೆ ಗೂಡಲ್ಲಿ ದುಡಿಯೋ ಮಗು, ರೈಲ್ವೆ ಸ್ಟೇಷನ್‌ನಲ್ಲಿ ಸಿಕ್ಕ ಮಗು, ಮದುವೆ ಮಾಡಿಸೋಕೆ ವಯಸ್ಸು ಸುಳ್ಳು ಹೇಳಿಸಿಕೊಂಡ ಹುಡುಗಿ. ಆ ಹುಡುಗಿಗೆ 16 ಅಂತಲೋ 18 ಅಂತಲೋ ಹೇಳೋದರ ಮೇಲೆ ಅವಳ ಇಡೀ ಜೀವನ ನಿಂತಿರುತ್ತೆ. ಅದಕ್ಕೇ ನಾವು ಯಾವತ್ತೂ ಒಂದೇ ಸಂಖ್ಯೆ ಹೇಳಬಾರದು, ಇಷ್ಟರಿಂದ ಇಷ್ಟು ಅಂತ ಅಂತರ ಹೇಳಬೇಕು. ಬುದ್ಧಿ ಹಲ್ಲು ಒಬ್ಬೊಬ್ಬರಿಗೆ ಒಂದೊಂದು ವಯಸ್ಸಲ್ಲಿ ಬರುತ್ತೆ. ಕೆಲವರಿಗೆ ಬರೋದೇ ಇಲ್ಲ.

ಹಲ್ಲಿಗೇ ಯಾಕೆ ಇಷ್ಟು ಬೆಲೆ

ಸ್ವಲ್ಪ ವಿಜ್ಞಾನ. ನಮ್ಮ ಮೈಯಲ್ಲಿ ಅತಿ ಗಟ್ಟಿ ವಸ್ತು ಮೂಳೆ ಅಲ್ಲ, ಹಲ್ಲಿನ ಮೇಲಿನ ಪದರ, ಎನಾಮಲ್. ಚರ್ಮ, ಮಾಂಸ, ಬೆರಳಚ್ಚು ಎಲ್ಲ ಹೋದಮೇಲೂ ಹಲ್ಲು ಉಳಿಯುತ್ತೆ. ನೀರಲ್ಲಿ ಉಳಿಯುತ್ತೆ, ಮಣ್ಣಲ್ಲಿ ಉಳಿಯುತ್ತೆ. ಬೆಂಕಿಯಲ್ಲಿ ಕೂಡ, ಕೆನ್ನೆ ಮತ್ತು ನಾಲಿಗೆ ಕಾಪಾಡೋದರಿಂದ ಹಿಂದಿನ ದವಡೆ ಹಲ್ಲು ಬಹಳ ಹೊತ್ತು ತಡೆಯುತ್ತೆ.

ಇನ್ನೊಂದು, ಲೆಕ್ಕ. ದೊಡ್ಡವರಿಗೆ 32 ಹಲ್ಲು. ಒಂದೊಂದಕ್ಕೂ ಐದು ಮೈ ಅಂತ ಲೆಕ್ಕ ಹಾಕಿದರೆ 160 ಮೈ. ಯಾವ ಹಲ್ಲಿಲ್ಲ, ಯಾವುದಕ್ಕೆ ಸಿಮೆಂಟ್ ತುಂಬಿದೆ, ಯಾವುದಕ್ಕೆ ಕ್ಯಾಪ್ ಹಾಕಿದೆ, ಯಾವುದರ ಬೇರು ಡೊಂಕು, ಯಾವುದು ಪಕ್ಕದ್ದರ ಮೇಲೆ ಹತ್ತಿ ಕೂತಿದೆ. ಇಷ್ಟೂ ಇಬ್ಬರಲ್ಲಿ ಒಂದೇ ಥರ ಇರೋದು ಬಹಳ ಕಷ್ಟ. ಅದರ ಮೇಲೆ ಬದುಕಿನ ಗುರುತು ಬೇರೆ. ಪಾವಗಡದ ಕಡೆ ಫ್ಲೋರೈಡ್ ಇರೋ ನೀರು ಕುಡಿದು ಬೆಳೆದವರ ಹಲ್ಲಿನ ಮೇಲೆ ಕಂದು ಕಲೆ ಇರುತ್ತೆ. ಎಲೆ ಅಡಿಕೆ ಹಾಕೋರ ಹಲ್ಲು ಬೇರೆ ಥರ ಸವೆದಿರುತ್ತೆ. ಸೂಜಿ ದಾರ ಹಲ್ಲಲ್ಲಿ ಕಚ್ಚಿ ಹೊಲಿಯೋ ಟೈಲರ್‌ಗಳ ಮುಂದಿನ ಹಲ್ಲಲ್ಲಿ ಸಣ್ಣ ಕಚ್ಚು ಬಿದ್ದಿರುತ್ತೆ.

ದೊಡ್ಡ ದುರಂತಗಳಲ್ಲಿ ಗುರುತಿಗೆ ಇಂಟರ್‌ಪೋಲ್ ಮೂರನ್ನ ಮುಖ್ಯ ಅಂತ ಒಪ್ಪಿಕೊಂಡಿದೆ: ಬೆರಳಚ್ಚು, ಹಲ್ಲು, ಡಿಎನ್‌ಎ. ಹಳದಿ ಫಾರಂನಲ್ಲಿ ವ್ಯಕ್ತಿ ಬದುಕಿದ್ದಾಗಿನ ವಿವರ, ಗುಲಾಬಿ ಫಾರಂನಲ್ಲಿ ದೇಹದ ವಿವರ. ಎರಡೂ ತಾಳೆಯಾಗಬೇಕು. 2004ರ ಸುನಾಮಿ ಆದಮೇಲೆ ಥಾಯ್ಲೆಂಡಿನಲ್ಲಿ ಮೊದಲ ತಿಂಗಳುಗಳಲ್ಲಿ ಹೆಚ್ಚು ವಿದೇಶಿಯರ ಗುರುತು ಸಿಕ್ಕಿದ್ದು ಹಲ್ಲಿನಿಂದ. ಅವರ ಊರಲ್ಲಿ ಡಾಕ್ಟರ್ ಹತ್ರ ದಾಖಲೆ ಇತ್ತು, ತರಿಸಿದರು, ಹೋಲಿಸಿದರು.

ಕೂಳೂರಿನ 12 ಜನ

ಈಗ ನಮ್ಮ ರಾಜ್ಯಕ್ಕೆ ಬರೋಣ. 2010ರ ಮೇ 22, ಶನಿವಾರ ಬೆಳಗಿನ ಜಾವ. ದುಬೈನಿಂದ ಬಂದ ಏರ್ ಇಂಡಿಯಾ ಎಕ್ಸ್‌ಪ್ರೆಸ್ ವಿಮಾನ ಮಂಗಳೂರಿನ ಬಜ್ಪೆಯಲ್ಲಿ ರನ್‌ವೇ ದಾಟಿ ಕಣಿವೆಗೆ ಬಿತ್ತು. ಒಳಗಿದ್ದವರು 166 ಜನ. ಬದುಕಿದ್ದು 8 ಜನ. ಸತ್ತವರು 158. ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡು ಕಡೆಯ ಎಷ್ಟೋ ಮನೆಗಳಿಗೆ ಆ ಬೆಳಿಗ್ಗೆ ಒಂದೇ ಸುದ್ದಿ.

ದೇಹಗಳು ಸುಟ್ಟಿದ್ದವು. ಮನೆಯವರು ಶವಾಗಾರದ ಮುಂದೆ ನಿಂತು ವಾಚ್, ಉಂಗುರ, ಬಟ್ಟೆ ಚೂರು ನೋಡಿ ಗುರುತಿಸಿದರು. 1897ರ ಪ್ಯಾರಿಸ್‌ನಲ್ಲಿ ಮಾಡಿದ ಹಾಗೇ. ಗುರುತು ಸಿಗದ ದೇಹಗಳ ಡಿಎನ್‌ಎ ಹೈದರಾಬಾದ್‌ನ ಪ್ರಯೋಗಾಲಯಕ್ಕೆ ಹೋಯಿತು. ಕೊನೆಗೂ 12 ದೇಹಗಳು ಯಾರಿಗೂ ತಾಳೆಯಾಗದೆ ಉಳಿದವು. ಅವರನ್ನ ಕೂಳೂರಿನಲ್ಲಿ ಒಟ್ಟಿಗೆ ಮಣ್ಣು ಮಾಡಿದರು. ಈಗ ಅಲ್ಲಿ ಫಲ್ಗುಣಿ ನದಿ ಪಕ್ಕ ಸ್ಮಾರಕ ಇದೆ. ಪ್ರತಿ ವರ್ಷ ಮೇ 22ಕ್ಕೆ ಅಲ್ಲಿ ಹೂವಿಡ್ತಾರೆ.

ಒಂದು ನಿಮಿಷ ಇದನ್ನ ಯೋಚಿಸಿ. ವಿಮಾನ ಅಂದ್ರೆ ಸಂತೆ ಅಲ್ಲ, ಬೆಂಕಿ ಬಿದ್ದ ಬಜಾರೂ ಅಲ್ಲ. ಒಳಗೆ ಯಾರ್ಯಾರಿದ್ದರು ಅಂತ ಪಟ್ಟಿ ಇರುತ್ತೆ. ಪಟ್ಟಿಯಲ್ಲಿ ಎಲ್ಲರ ಹೆಸರೂ ಇದ್ದು, ಕಾಯ್ತಿರೋ ಮನೆಯವರೂ ಇದ್ದು, ಆದರೂ ದೇಹ ಯಾರಿಗೂ ಹೊಂದಲಿಲ್ಲ ಅಂದ್ರೆ ಏನಾಗಿರಬಹುದು? ಯಾವುದೋ ಮನೆಯವರು ಆ ದುಃಖದಲ್ಲಿ, ಆ ಗಡಿಬಿಡಿಯಲ್ಲಿ, ಬೇರೆಯವರ ಮಗನನ್ನ ತಮ್ಮವನು ಅಂದುಕೊಂಡು ತಗೊಂಡು ಹೋಗಿರಬಹುದು. ಅವರ ತಪ್ಪಲ್ಲ. ಸುಟ್ಟ ಮುಖದಲ್ಲಿ ತಾಯಿಗೂ ಮಗ ಕಾಣಲ್ಲ.

ಹಾಗಾದರೆ ಡಿಎನ್‌ಎ ಇರುವಾಗ ಹಲ್ಲು ಯಾಕೆ ಬೇಕು? 2025ರ ಜೂನ್ 12ರ ಅಹಮದಾಬಾದ್ ವಿಮಾನ ದುರಂತದಲ್ಲಿ ಸತ್ತ 260 ಜನರಲ್ಲಿ ಹೆಚ್ಚಿನವರ ಗುರುತು ಸಿಕ್ಕಿದ್ದು ಡಿಎನ್‌ಎ ಮೂಲಕವೇ. ಡಿಎನ್‌ಎ ದೊಡ್ಡ ಶಕ್ತಿ, ಒಪ್ಪುತ್ತೀನಿ. ಆದರೆ ಅದಕ್ಕೆ ಹೋಲಿಸೋಕೆ ರಕ್ತ ಸಂಬಂಧಿ ಬೇಕು, ಪ್ರಯೋಗಾಲಯ ಬೇಕು, ದಿನಗಳು ಬೇಕು. ಹಲ್ಲಿನ ಹಳೇ ಎಕ್ಸ್‌ರೇ ಒಂದಿದ್ದರೆ ಅದೇ ಮೇಜಿನ ಮೇಲೆ ಕೆಲವೇ ಹೊತ್ತಿನಲ್ಲಿ ಕೆಲಸ ಆಗಬಹುದು. ಅಷ್ಟೇ ಅಲ್ಲ, ಸುಟ್ಟ ದೇಹದಲ್ಲಿ ಡಿಎನ್‌ಎ ಹುಡುಕೋಕೂ ಒಳ್ಳೆಯ ಜಾಗ ಹಲ್ಲಿನ ಒಳಗಿನ ತಿರುಳು.

ರದ್ದಿಗೆ ಹೋದ ಕಾರ್ಡು

ಈಗ ಆ ಅಚ್ಚಿನ ವಿಷಯ. ನಾನು ಕ್ಲಿನಿಕ್‌ನಲ್ಲಿ ಕೆಲಸ ಮಾಡ್ತಿದ್ದೆ ಅಂದೆನಲ್ಲ. ಯಾವ ಕ್ಲಿನಿಕ್ ಅಂತ ಹೇಳಲ್ಲ, ಎಲ್ಲ ಕ್ಲಿನಿಕ್ ಹಾಗೇ ಇರುತ್ತೆ. ಒಂದಿನ ಸಂಜೆ ಒಬ್ಬರು ಹೆಡ್ ಕಾನ್‌ಸ್ಟೇಬಲ್ ಬಂದರು. ಚಪ್ಪಲಿ ಹೊರಗೆ ಬಿಡಬೇಕಾ ಅಂತ ಕೇಳಿ, ಬಾಗಿಲಲ್ಲೇ ನಿಂತರು. ಮೊಬೈಲ್ ತೆಗೆದು ಒಂದು ಫೋಟೋ ತೋರಿಸಿದರು. ಕೆಳದವಡೆ. ಎಡಗಡೆ ಹಿಂದಿನ ಹಲ್ಲಿಗೆ ಸ್ಟೀಲ್ ಕ್ಯಾಪ್, ಮುಂದೆ ಎರಡು ಹಲ್ಲು ಒಂದರ ಮೇಲೊಂದು.

"ಮೇಡಂ, ನಾಲೆ ಹತ್ರ ಸಿಕ್ಕಿದ್ದು. ಯುಡಿಆರ್ ಕೇಸು. ಗಂಡಸು ಅಂತ ಡಾಕ್ಟರ್ ಹೇಳವ್ರೆ. ಈ ಕಡೆ ಇರೋ ಹಲ್ಲಿನ ಕ್ಲಿನಿಕ್ ಎಲ್ಲ ಕೇಳ್ಕೊಂಡು ಬತ್ತಾ ಇವ್ನಿ. ನಿಮ್ಮ ಪೇಷೆಂಟಾ ನೋಡಿ."

ನಮ್ಮ ಡಾಕ್ಟರ್ ಕನ್ನಡಕ ಹಾಕ್ಕೊಂಡು ಬಹಳ ಹೊತ್ತು ನೋಡಿದರು. "ಕ್ಯಾಪ್ ನಾನು ಮಾಡಿಸೋ ಲ್ಯಾಬಿಂದೇ ಇರಬೋದು ರೀ. ಮುಖ ನೆನಪಾಗ್ತಿಲ್ಲ. ಐದಾರು ವರ್ಷದ ಹಿಂದಿಂದು." ಕಾರ್ಡು ನೋಡೋಣ ಅಂತ ನಾನು ಬೀರು ತೆಗೆದೆ. ಎರಡು ವರ್ಷದ್ದು ಮಾತ್ರ ಇತ್ತು. ಬಾಕಿ ಎಲ್ಲ, ಪೇಂಟ್ ಹೊಡೆಸೋವಾಗ ಜಾಗ ಸಾಲದೆ ರದ್ದಿಗೆ ಹಾಕಿದ್ವಿ. ಹಾಕಿದ್ದು ಬೇರೆ ಯಾರೂ ಅಲ್ಲ, ಕಟ್ಟು ಕಟ್ಟಿ ತೂಕಕ್ಕೆ ಇಟ್ಟಿದ್ದು ನಾನೇ. ಕಿಲೋಗೆ ಎಷ್ಟು ಬಂತು ಅಂತಾನೂ ನೆನಪಿದೆ, ಹೇಳೋಕೆ ನಾಚಿಕೆ.

ಕಾನ್‌ಸ್ಟೇಬಲ್ ಬೈಯಲಿಲ್ಲ. "ಬಿಡಿ ಮೇಡಂ, ಎಲ್ಲಾ ಕಡೇನೂ ಇದೇ" ಅಂತ ಹೇಳಿ ಮುಂದಿನ ಕ್ಲಿನಿಕ್‌ಗೆ ಹೋದರು.

ಅವತ್ತು ರಾತ್ರಿ ನನಗೆ ಬಂದ ಯೋಚನೆ ಸತ್ತವನದಲ್ಲ. ಅವನಿಗೆ ಮನೆ ಇದ್ದರೆ, ಅಲ್ಲಿ ಕಾಯ್ತಿರೋರು ಏನು ಮಾಡ್ತಿದ್ದಾರೆ ಅನ್ನೋದು. ನಮ್ಮ ಕಾನೂನಿನಲ್ಲಿ ಕಾಣೆಯಾದವರ ಸುದ್ದಿ ಏಳು ವರ್ಷ ಯಾರಿಗೂ ಸಿಗದಿದ್ದರೆ ಮಾತ್ರ ಸತ್ತಿರಬೇಕು ಅಂತ ಭಾವಿಸಬಹುದು. ಅಲ್ಲೀವರೆಗೆ ಮರಣ ಪ್ರಮಾಣಪತ್ರ ಇಲ್ಲ. ಅದಿಲ್ಲದೆ ವಿಧವಾ ಪಿಂಚಣಿ ಇಲ್ಲ, ವಿಮೆ ಇಲ್ಲ, ಪಹಣಿ ಬದಲಾಯಿಸೋಕಾಗಲ್ಲ. ತಿಥಿ ಮಾಡಬೇಕೋ, ಬಾಗಿಲು ತೆಗೆದಿಟ್ಟು ಕಾಯಬೇಕೋ ಗೊತ್ತಾಗಲ್ಲ. ಒಂದು ಕಾರ್ಡು ಇದ್ದಿದ್ದರೆ ಅಷ್ಟೂ ಇತ್ಯರ್ಥ ಆಗ್ತಿತ್ತೇನೋ. ಬೋಸ್ಟನ್ನಿನ ಡಾ. ಕೀಪ್ ಎಸೆಯಲಿಲ್ಲ, ನಾನು ಎಸೆದೆ.

ಆ ವರ್ಷವೇ ನಾನು ಈ ಓದಿಗೆ ಬಂದೆ.

ಧಾರವಾಡದ ಸಾಕ್ಷಿ, ಮತ್ತು ಒಂದು ಎಚ್ಚರ

ನೀವು ಈ ವಿಷಯ ಗೂಗಲ್ ಮಾಡಿದರೆ ಮೊದಲು ಕಾಣೋದು ಕಚ್ಚಿದ ಗಾಯದ ಕೇಸುಗಳು. ಅದನ್ನೂ ಹೇಳಿಬಿಡ್ತೀನಿ.

2012ರ ಡಿಸೆಂಬರ್ 16ರ ದೆಹಲಿ ಪ್ರಕರಣ ನಿಮಗೆಲ್ಲ ಗೊತ್ತು. ಆ ಹುಡುಗಿಯ ಮೈಮೇಲೆ ಕಚ್ಚಿದ ಗುರುತುಗಳಿದ್ದವು. ಅವುಗಳ ಫೋಟೋ ಮತ್ತು ಆರೋಪಿಗಳ ಹಲ್ಲಿನ ಅಚ್ಚು ದೆಹಲಿಯಿಂದ ಬಂದಿದ್ದು ಎಲ್ಲಿಗೆ? ನಮ್ಮ ಧಾರವಾಡಕ್ಕೆ, ಆಗಲೇ ಹೇಳಿದ ಡಾ. ಅಶಿತ್ ಆಚಾರ್ಯ ಅವರ ಹತ್ರ. ಅವರು ವಿಶ್ಲೇಷಿಸಿ, ಕೆಲವು ಗುರುತುಗಳು ಇಬ್ಬರು ಆರೋಪಿಗಳ ಹಲ್ಲಿಗೆ ಹೊಂದುತ್ತವೆ ಅಂತ ವರದಿ ಕೊಟ್ಟು, ಕೋರ್ಟಿನಲ್ಲಿ ಸಾಕ್ಷಿ ಹೇಳಿದರು. 2017ರ ಮೇ 5ರ ಸುಪ್ರೀಂ ಕೋರ್ಟ್ ತೀರ್ಪಿನಲ್ಲಿ ಅದರ ಪ್ರಸ್ತಾಪ ಇದೆ. ಅಲ್ಲಿ ಹಲ್ಲು ಒಂದೇ ಸಾಕ್ಷಿ ಆಗಿರಲಿಲ್ಲ. ಸಾಯೋ ಮುಂಚೆ ಅವಳು ಕೊಟ್ಟ ಹೇಳಿಕೆ, ಡಿಎನ್‌ಎ, ಗೆಳೆಯನ ಸಾಕ್ಷಿ ಎಲ್ಲ ಸೇರಿ ಶಿಕ್ಷೆ ಆಯಿತು.

ಆದರೆ ಇದೇ ಕಚ್ಚಿದ ಗುರುತನ್ನ ಒಂದೇ ನಂಬಿ ಅಮೆರಿಕ ಪೆಟ್ಟು ತಿಂದಿದೆ. ಅರಿಜೋನಾದ ರೇ ಕ್ರೋನ್ ಅನ್ನೋನ ಮುಂದಿನ ಹಲ್ಲು ಸೊಟ್ಟ. ಕೊಲೆಯಾದ ಹೆಂಗಸಿನ ಮೈಮೇಲಿನ ಗುರುತಿಗೆ ಅದು ಹೊಂದುತ್ತೆ ಅಂತ ತಜ್ಞರು ಹೇಳಿದರು. 1992ರಲ್ಲಿ ಮರಣದಂಡನೆ. 2002ರಲ್ಲಿ ಡಿಎನ್‌ಎ ಪರೀಕ್ಷೆ ಮಾಡಿದಾಗ ಅಪರಾಧಿ ಬೇರೆಯವನು ಅಂತ ಗೊತ್ತಾಗಿ ಬಿಟ್ಟರು. ಹತ್ತು ವರ್ಷ ಜೈಲು. 2009ರಲ್ಲಿ ಅಮೆರಿಕದ ರಾಷ್ಟ್ರೀಯ ವಿಜ್ಞಾನ ಅಕಾಡೆಮಿಯ ವರದಿ, 2016ರಲ್ಲಿ ಅಧ್ಯಕ್ಷರ ವಿಜ್ಞಾನ ಸಲಹಾ ಮಂಡಳಿಯ ವರದಿ, ಎರಡೂ ಕಚ್ಚಿದ ಗುರುತಿನಿಂದ ಇಂಥವನೇ ಅಂತ ಹೇಳೋದಕ್ಕೆ ವೈಜ್ಞಾನಿಕ ಬುನಾದಿ ಸಾಲದು ಅಂದವು. ಚರ್ಮ ಮೇಣ ಅಲ್ಲ. ಹಿಗ್ಗುತ್ತೆ, ಬಾವು ಬರುತ್ತೆ, ಬಣ್ಣ ಬದಲಾಗುತ್ತೆ.

ಅದಕ್ಕೇ ನಮ್ಮ ಓದಿನಲ್ಲಿ ಮೊದಲು ಕಲಿಸೋದು ಇದನ್ನ. ಹಲ್ಲಿಗೆ ಹಲ್ಲು ಹೋಲಿಸೋದು ಗಟ್ಟಿ ನೆಲ. ಚರ್ಮದ ಮೇಲಿನ ಗಾಯಕ್ಕೆ ಹಲ್ಲು ಹೋಲಿಸೋದು ಜಾರೋ ನೆಲ. ಅಲ್ಲಿ ನಡೆಯೋವಾಗ 'ಇರಬಹುದು', 'ತಳ್ಳಿಹಾಕೋಕಾಗಲ್ಲ' ಅನ್ನೋ ಮಾತು ಕಲಿಯಬೇಕು. ನಮ್ಮ ಒಂದು ವಾಕ್ಯದಿಂದ ಒಬ್ಬನ ಕುತ್ತಿಗೆಗೆ ಹಗ್ಗ ಬೀಳಬಹುದು.

ಬನ್ನಿಮಂಟಪದ ಕಡೆ

ಮೈಸೂರಿಗೆ ವಾಪಸ್ ಬರೋಣ. ಜೆಎಸ್‌ಎಸ್ ದಂತ ವೈದ್ಯಕೀಯ ಕಾಲೇಜು 1986ರಲ್ಲಿ ಶುರುವಾಗಿದ್ದು, ಇರೋದು ಬನ್ನಿಮಂಟಪದ ಕಡೆ. ದಸರಾ ಜಂಬೂಸವಾರಿ ಕೊನೆಯಾಗೋದೂ ಅಲ್ಲೇ. ಬನ್ನಿಮರದ ಕಥೆ ನಿಮಗೆ ಗೊತ್ತಲ್ಲ? ಅಜ್ಞಾತವಾಸಕ್ಕೆ ಹೋಗೋ ಮುಂಚೆ ಪಾಂಡವರು ಆಯುಧಗಳನ್ನ ಬನ್ನಿಮರದಲ್ಲಿ ಬಚ್ಚಿಟ್ಟರು. ಯಾರೂ ಹತ್ತಿರ ಬರದಿರಲಿ ಅಂತ ಒಂದು ಹೆಣ ತಂದು ಮರಕ್ಕೆ ಕಟ್ಟಿ, ಇದು ನಮ್ಮ ತಾಯಿಯ ಹೆಣ ಅಂತ ದನ ಕಾಯೋರಿಗೆ ಹೇಳಿದರು. ಒಂದು ವರ್ಷ ಯಾರೂ ಹತ್ತಿರ ಹೋಗಲಿಲ್ಲ, ಯಾರ ಹೆಣ ಅಂತ ಕೇಳಲೂ ಇಲ್ಲ. ಆ ಹೆಣ ನಿಜಕ್ಕೂ ಯಾರದ್ದು? ಕಥೆ ಹೇಳಲ್ಲ. ಬನ್ನಿಮಂಟಪದ ಮುಂದೆ ಸಿಟಿ ಬಸ್ ಹೋಗುವಾಗೆಲ್ಲ ನನಗೆ ಆ ಪ್ರಶ್ನೆ ಬರುತ್ತೆ.

ನೀವು ಬಿಡಿಎಸ್ ಓದ್ತಿದ್ದು ಈ ಕಡೆ ಬರೋ ಯೋಚನೆ ಇದ್ದರೆ, ನಿಜ ಹೇಳ್ತೀನಿ. ಎರಡು ದಾರಿ. ಒಂದು, ನೀಟ್ ಬರೆದು ಮೂರು ವರ್ಷದ ಎಂಡಿಎಸ್‌ಗೆ ಸೇರಿ ಬಾಯಿಯ ರೋಗಶಾಸ್ತ್ರ, ಅಂದ್ರೆ ಓರಲ್ ಪೆಥಾಲಜಿ ತಗೊಳ್ಳೋದು. ಫೊರೆನ್ಸಿಕ್ ಅದರ ಪಠ್ಯದೊಳಗೇ ಬರುತ್ತೆ. ಇನ್ನೊಂದು, ಇದೇ ವಿಷಯದಲ್ಲಿ ಎಂಎಸ್‌ಸಿ. ಗಾಂಧಿನಗರದ ರಾಷ್ಟ್ರೀಯ ವಿಧಿವಿಜ್ಞಾನ ವಿಶ್ವವಿದ್ಯಾಲಯ ಅದಕ್ಕೆ ಹೆಸರಾಗಿದೆ. ಕೆಲಸ? ಹಲ್ಲಿನ ತಜ್ಞರಿಗೇ ಅಂತ ಇರೋ ಸರ್ಕಾರಿ ಹುದ್ದೆ ತೀರಾ ಕಮ್ಮಿ. ಹೆಚ್ಚಿನವರು ಕಾಲೇಜಲ್ಲಿ ಪಾಠ ಮಾಡ್ತಾ, ಪೊಲೀಸರು ಕರೆದಾಗ ಹೋಗ್ತಾರೆ. 2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಕಾನೂನಿನಲ್ಲಿ ಏಳು ವರ್ಷ ಅಥವಾ ಅದಕ್ಕಿಂತ ಹೆಚ್ಚು ಶಿಕ್ಷೆಯ ಅಪರಾಧಗಳಲ್ಲಿ ವಿಧಿವಿಜ್ಞಾನ ತಜ್ಞರು ಸ್ಥಳಕ್ಕೆ ಹೋಗಬೇಕು ಅಂತಿದೆ. ಬಾಗಿಲು ಸ್ವಲ್ಪ ತೆರೆದಿದೆ. ಒಳಗೆ ಕುರ್ಚಿ ಹಾಕ್ತಾರೋ ಇಲ್ಲವೋ ನೋಡಬೇಕು.

ನೀವು ಹಲ್ಲಿನ ಡಾಕ್ಟರ್ ಅಲ್ಲದಿದ್ದರೆ ನಿಮಗೆ ಒಂದು ಸಣ್ಣ ಕೆಲಸ. ಮುಂದಿನ ಸಲ ಹಲ್ಲಿನ ಎಕ್ಸ್‌ರೇ ತೆಗೆಸಿದಾಗ ಅದರ ಕಾಪಿ ಕೇಳಿ ತಗೊಳ್ಳಿ. ಮೊಬೈಲ್‌ನಲ್ಲಿ ಫೋಟೋ ತೆಗೆದು ಮನೆಯವರಿಗೂ ಕಳಿಸಿಡಿ. ಅಜ್ಜ ಅಜ್ಜಿಗೆ ಹಲ್ಲು ಸೆಟ್ ಮಾಡಿಸಿದರೆ ಒಳಗಡೆ ಹೆಸರು ಹಾಕೋಕಾಗುತ್ತಾ ಅಂತ ಡಾಕ್ಟರನ್ನ ಕೇಳಿ. ಸ್ವೀಡನ್‌ನಂಥ ದೇಶಗಳಲ್ಲಿ ಅದು ಮಾಮೂಲು. ಆಮೇಲೆ ಸೆಲ್ಫಿ. ತುಟಿ ಮುಚ್ಚಿ ಪೋಸ್ ಕೊಡ್ತೀರಲ್ಲ, ಒಂದೆರಡಾದರೂ ಹಲ್ಲು ಬಿಟ್ಟು ನಗಿ. ಡಾಕ್ಟರ್ ಹತ್ರ ಹೋಗದವರ ವಿಷಯದಲ್ಲಿ ನಮಗೆ ಕೊನೆಗೆ ಸಿಗೋ ದಾಖಲೆ ಅಂದ್ರೆ ಮದುವೆ ಫೋಟೋದಲ್ಲಿ ನಕ್ಕಿದ್ದು. ಸೊಟ್ಟ ಹಲ್ಲಿದೆ ಅಂತ ನಾಚಿಕೊಳ್ಳಬೇಡಿ. ನಮಗೆ ಬೇಕಾಗೋದೇ ಆ ಸೊಟ್ಟ ಹಲ್ಲು.

ಆ ನಾಲೆ ಹತ್ರದ ಕೇಸು? ಹೋದ ತಿಂಗಳು ಅದೇ ಹೆಡ್ ಕಾನ್‌ಸ್ಟೇಬಲ್‌ಗೆ ಫೋನ್ ಮಾಡಿದ್ದೆ. ನೆನಪಿತ್ತು ಅವರಿಗೆ. "ಇನ್ನೂ ಹಂಗೇ ಅದೆ ಮೇಡಂ" ಅಂದ್ರು. ಮುಂದಿನ ದವಡೆಯಲ್ಲಿ ಎರಡು ಹಲ್ಲು ಒಂದರ ಮೇಲೊಂದು, ಎಡಕ್ಕೆ ಹಿಂದೆ ಸ್ಟೀಲ್ ಕ್ಯಾಪ್. ಯಾರದೋ ಮದುವೆ ಆಲ್ಬಮ್‌ನಲ್ಲಿ ಆ ಮನುಷ್ಯ ನಗ್ತಾ ನಿಂತಿರಬಹುದು.

ಮೊನ್ನೆ ಅಮ್ಮ ಒಂದು ಹಳೇ ಬಿಸ್ಕೆಟ್ ಡಬ್ಬಿ ತಂದು ನನ್ನ ಟೇಬಲ್ ಮೇಲಿಟ್ಟರು. ಒಳಗೆ ಅವರ ರೂಟ್ ಕೆನಾಲ್ ಎಕ್ಸ್‌ರೇ, ಅಪ್ಪನ ಎಕ್ಸ್‌ರೇ, ನನ್ನ ಹಾಲುಹಲ್ಲು ಎರಡು. "ಇದನ್ನೆಲ್ಲ ಜೋಪಾನವಾಗಿ ಇಟ್ಕೋಬೇಕಂತೆ ಅಲ್ವೇನೇ?" ಅಂದ್ರು. ಹೂಂ ಅಂದೆ. ಅವರಿಗೆ ಉತ್ತರ ಸಿಕ್ಕಿದೆ ಅನ್ಸುತ್ತೆ.

ನಿಮ್ಮ ಊರಲ್ಲಿ ಹಲ್ಲು ನೋಡಿ ವಯಸ್ಸು ಹೇಳೋ ಹಿರಿಯರಿದ್ದರೆ, ಅವರು ಏನೇನು ಪದ ಬಳಸ್ತಾರೆ ಅಂತ ವಾಯ್ಸ್ ನೋಟ್ ಕಳಿಸಿ. ಮುಂದಿನ ಸಂಚಿಕೆಯಲ್ಲಿ ಸಿಗೋ��. ನಮಸ್ಕಾರ.